ಮಂಡ್ಯ ಸೀಮೆಯ ಹವೆಯೂ ಬಾಳುವೆಯೂ

ಒಂದು ನಾಡಿನ ಚರಿತ್ರೆಯನ್ನು ಬರೆಯಹೊರಟವರು ಅರಸರ ವಂಶಾವಳಿಯನ್ನೂ ಯುದ್ಧಗಳ ಕಾಲನಿರ್ಣಯವನ್ನೂ ಗುಡಿಗೋಪುರಗಳ ಶಿಲ್ಪವೈಭವವನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಬೇಸಾಯದ ಸೀಮೆಯಲ್ಲಿ, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನ ಒಡೆಯರು ಒಬ್ಬರಾದ ಮೇಲೊಬ್ಬರು ಬಂದು ಆಳಿದರೂ ತನ್ನ ಒಡೆತನವನ್ನು ಎಂದೂ ಬಿಟ್ಟುಕೊಡದೆ, ಜನರ ಊಟ, ಉಡುಗೆ, ಸಾಲಸೋಲ, ಮದುವೆ, ಜಾತ್ರೆಗಳನ್ನೆಲ್ಲ ವರ್ಷ ವರ್ಷವೂ ನಿರ್ಣಯಿಸುತ್ತ ಬಂದಿರುವ ಶಕ್ತಿಯೊಂದುಂಟು. ಅದು ಅಲ್ಲಿಯ ಹವೆ. ಈ ಮೂರು ತಾಲ್ಲೂಕುಗಳ ಜನ ತಮ್ಮ ಹವೆಯನ್ನು ಹೇಗೆ ಅರಿತರು, ಅದರ ಕೊರತೆಯನ್ನು ಯಾವ ಯಾವ ಉಪಾಯಗಳಿಂದ ತುಂಬಿಕೊಂಡರು, ಆ ಉಪಾಯಗಳಲ್ಲಿ ಯಾವುವನ್ನು ಉಳಿಸಿಕೊಂಡರು, ಯಾವುವನ್ನು ಮರೆತರು ಎಂಬುದನ್ನು ಕ್ರಮವಾಗಿ ನೋಡುವುದಾದರೆ, ಅದೇ ಈ ಸೀಮೆಯ ನಿಜವಾದ ಚರಿತ್ರೆಯಾಗುತ್ತದೆಂಬುದು ನನ್ನ ನಂಬಿಕೆ.

ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಗಳ ದೂರದಲ್ಲಿ ಮಂಡ್ಯ ನಗರವಿದೆ. ಉಷ್ಣವಲಯದ ಒಳಗಿರುವ ಎಲ್ಲ ಊರುಗಳಂತೆ ಇಲ್ಲಿಯೂ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಮೂರನೆಯ ವಾರದ ಸುಮಾರಿಗೆ ಇನ್ನೊಮ್ಮೆ, ಮಧ್ಯಾಹ್ನದಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟು ಮಾತ್ರ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಪ್ರಸ್ಥಭೂಮಿಯಾದ ಕಾರಣ ಬೇಸಗೆಯ ತಾಪ ಕರಾವಳಿಯ ಬೆವರನ್ನಾಗಲಿ ಉತ್ತರದ ಬಯಲುಸೀಮೆಯ ಉರಿಯನ್ನಾಗಲಿ ತಾರದು. ಏಪ್ರಿಲ್ ತಿಂಗಳಿನ ಮಧ್ಯಾಹ್ನದ ಉಷ್ಣತೆ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ, ಪುಷ್ಯ ಮಾಸದ ಬೆಳಗಿನ ಚಳಿ 16 ಡಿಗ್ರಿಯ ಆಸುಪಾಸಿನಲ್ಲಿಯೂ ನಿಲ್ಲುತ್ತವೆ. ಹಿಮವಿಲ್ಲ, ಹೆಪ್ಪುಗಟ್ಟುವ ಶೀತವಿಲ್ಲ, ಗಿಡಮರಗಳು ಬೆಳೆಯುವುದನ್ನೇ ನಿಲ್ಲಿಸಿಬಿಡುವಂಥ ಮಾಸವೊಂದೂ ಇಲ್ಲ. ಹೀಗಿರುವಲ್ಲಿ ಬಿಸಿಲು ಚಳಿಗಳು ವರ್ಷವನ್ನು ವಿಭಾಗಿಸಲಾರವು. ಈ ಸೀಮೆಯಲ್ಲಿ ವರ್ಷವನ್ನು ವಿಭಾಗಿಸುವುದು ಮಳೆಯೊಂದೇ. ನೀರಿದ್ದರೆ ಹನ್ನೆರಡು ತಿಂಗಳೂ ಬೆಳೆಯುವ ಕಾಲವೇ, ನೀರಿಲ್ಲದಿದ್ದರೆ ಯಾವ ತಿಂಗಳೂ ಬೆಳೆಯುವ ಕಾಲವಲ್ಲ.

ಆ ಮಳೆಯ ಸ್ವಭಾವವಾದರೂ ವಿಚಿತ್ರವಾದುದು. ಅರಬ್ಬೀ ಸಮುದ್ರದಿಂದ ಏರಿಬರುವ ನೈಋತ್ಯ ಮಾರುತವು ಪಶ್ಚಿಮಘಟ್ಟಗಳನ್ನು ತಾಗಿ, ತನ್ನ ಭಾರವನ್ನೆಲ್ಲ ಕೊಡಗಿನ ಕಾಡುಗಳ ಮೇಲೆ ಇಳಿಸಿ, ಬರಿಗೈಯಾಗಿ ಪೂರ್ವಕ್ಕೆ ಬರುತ್ತದೆ. ಕಾವೇರಿಯ ಉಗಮಸ್ಥಾನದ ಸಮೀಪದಲ್ಲಿರುವ ಭಾಗಮಂಡಲದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತಿರಲು, ಅಲ್ಲಿಂದ ನೂರೈವತ್ತು ಕಿಲೋಮೀಟರುಗಳಷ್ಟೂ ದೂರವಿಲ್ಲದ ಮಂಡ್ಯದಲ್ಲಿ ವರ್ಷವಿಡೀ ಬೀಳುವುದು ಸುಮಾರು 700 ಮಿಲಿಮೀಟರು. ಆ ಅಲ್ಪವಾದ ಮಳೆಯೂ ಒಂದೇ ಸಮನಾಗಿ ಬೀಳುವುದಿಲ್ಲ. ವೈಶಾಖ ಜ್ಯೇಷ್ಠಗಳಲ್ಲಿ ಸಂಜೆಯ ಗುಡುಗು ಸಿಡಿಲುಗಳೊಡನೆ ಮುಂಗಾರು ಬಂದು ಮೇ ತಿಂಗಳಿನಲ್ಲಿ ಒಮ್ಮೆ ಉಬ್ಬರವಾಗುತ್ತದೆ. ನಾಡಿನ ಇತರೆಡೆಗಳಲ್ಲಿ ಮಳೆಗಾಲವು ಭರದಿಂದ ನಡೆಯುವ ಜೂನ್ ಜುಲೈಗಳಲ್ಲಿ ಇಲ್ಲಿ ಮೋಡಗಳು ಮಾತ್ರ ಓಡುತ್ತವೆ, ಪಡುವಣ ಗಾಳಿ ಬೀಸುತ್ತದೆ, ಜಡಿಯೂ ಹನಿಯೂ ನೆಲದ ಮೇಲ್ಪದರವನ್ನು ತೋಯಿಸಿ ಹೋಗುತ್ತವೆ. ಮತ್ತೆ ಆಗಸ್ಟ್ ಕಡೆಗಾಲದಿಂದ ಮಳೆ ಚೇತರಿಸಿಕೊಂಡು ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಹಿಂಗಾರಾಗಿ ಸುರಿಯುತ್ತದೆ. ಈ ಎರಡು ಉಬ್ಬರಗಳ ನಡುವಣ ಆಷಾಢದ ಇಳಿತವೇ ಬೇಸಾಯಗಾರನ ಹಳೆಯ ಚಿಂತೆ.

ಇದಕ್ಕಿಂತ ಗಮನಾರ್ಹವಾದ ಸಂಗತಿ ಮತ್ತೊಂದಿದೆ. ಹೊಲದ ಪಯಿರು ಬಾಡುವ ಆ ಆಷಾಢ ಶ್ರಾವಣಗಳಲ್ಲಿಯೇ, ಕೊಡಗಿನ ಮಳೆಯನ್ನುಂಡ ಕಾವೇರಿ ಈ ಸೀಮೆಯ ದಕ್ಷಿಣದ ಅಂಚಿನಲ್ಲಿ ಎರಡು ದಡಗಳನ್ನೂ ಮುಳುಗಿಸಿ ಕೆಂಪಾಗಿ ಹರಿಯುತ್ತಾಳೆ. ತುಮಕೂರಿನ ಕಡೆಯಿಂದ ಇಳಿದು ಮದ್ದೂರಿನ ಪಕ್ಕದಲ್ಲಿ ಸಾಗಿ ಮಳವಳ್ಳಿಯ ಸೀಮೆಯಲ್ಲಿ ಕಾವೇರಿಯನ್ನು ಕೂಡುವ ಶಿಂಷೆಗೆ, ಹಿಂದೆ ಕದಂಬ ನದಿಯೆಂದು ಹೆಸರಾಗಿದ್ದ ಈ ಹೊಳೆಗೆ, ತುಂಬು ಪ್ರವಾಹ ಬರುವುದು ಬಯಲಿನ ಹಿಂಗಾರು ಸುರಿದಾಗ. ಒಂದು ನದಿಯದು ಮಲೆನಾಡಿನ ಪಂಚಾಂಗ, ಮತ್ತೊಂದರದು ಬಯಲುನಾಡಿನ ಪಂಚಾಂಗ. ಊರಿನ ಆಕಾಶ ಒಣಗಿರುವಾಗ ದೂರದ ಆಕಾಶದ ನೀರು ಊರ ಮುಂದೆಯೇ ಹರಿದುಹೋಗುವುದನ್ನು ನೋಡುತ್ತ ನಿಲ್ಲಬೇಕಾದ ಸ್ಥಿತಿಯೇ ಮಂಡ್ಯ ಸೀಮೆಯ ಪೂರ್ವಚರಿತ್ರೆ. ಆ ನೀರನ್ನು ಹಿಡಿದಿಟ್ಟುಕೊಂಡದ್ದೇ ಅದರ ಉತ್ತರಚರಿತ್ರೆ.

ಹವಾಮಾನದ ಇಲಾಖೆಗಳು ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ ಇಲ್ಲಿಯ ಒಕ್ಕಲುಮಕ್ಕಳು ಈ ಹವೆಯ ಲೆಕ್ಕವನ್ನು ನಕ್ಷತ್ರಗಳ ಹೆಸರಿನಲ್ಲಿ ಬರೆದಿಟ್ಟುಕೊಂಡಿದ್ದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗೆ ಆ ನಕ್ಷತ್ರದ ಮಳೆಯೆಂದೇ ಹೆಸರು. ಯುಗಾದಿಯ ದಿನ, ಇಲ್ಲವೆ ಅದರ ಮರುದಿನಗಳಲ್ಲಿ, ಎತ್ತುಗಳ ಮೈತೊಳೆದು, ನೇಗಿಲಿಗೆ ಪೂಜೆ ಸಲ್ಲಿಸಿ, ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆಯನ್ನು ಮಾಡುವ ಪದ್ಧತಿ ಈ ಸೀಮೆಯಲ್ಲಿ ಇಂದಿಗೂ ನಿಂತಿಲ್ಲ. ಆ ಮೇಲೆ ಅಶ್ವಿನಿ, ಭರಣಿ, ಕೃತ್ತಿಕೆಗಳ ಮಳೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಏಪ್ರಿಲ್ ಕಡೆಯ ಮೇ ಮೊದಲ ವಾರಗಳ ಆ ಹದಮಳೆಯಲ್ಲಿ ಒಣಭೂಮಿ ಸಡಿಲಗೊಂಡರೆ ಮಾತ್ರ ಎಳ್ಳು, ಅಲಸಂದೆ, ಕಾರು ರಾಗಿಗಳನ್ನು ಬಿತ್ತುವುದು ಸಾಧ್ಯ. ರೋಹಿಣಿ, ಮೃಗಶಿರೆಗಳು ಕೈಕೊಟ್ಟರೂ ಎದೆಗುಂದದೆ, ಆರಿದ್ರೆ, ಪುನರ್ವಸುಗಳ ತುಂತುರಿನಲ್ಲಿಯೇ ಹೈನು ರಾಗಿಗೆ ಹೊಲವನ್ನು ಹಸನುಮಾಡಿ, ಪುಷ್ಯ ಆಶ್ಲೇಷೆಗಳ ಹದ ನೋಡಿ ಕೂರಿಗೆ ಹೂಡಿ, ಮಘೆ ಹುಬ್ಬೆಗಳಲ್ಲಿ ಕುಂಟೆ ಹಾಯಿಸಿ, ಉತ್ತರೆ, ಹಸ್ತ, ಚಿತ್ತೆಗಳ ಮೇಲೆ ಎಲ್ಲ ಆಸೆಯನ್ನೂ ಇಟ್ಟು ಕುಳಿತಿರುವುದು ಇಲ್ಲಿಯ ಹೊಲಗಾರರ ಕ್ರಮವಾಗಿದ್ದಿತು. ಮಳೆಮಾಪಕದ ಅಂಕಿಗಳು ಸೆಪ್ಟೆಂಬರ್ ಅಕ್ಟೋಬರ್‌ಗಳ ಮೇಲೆ ತೋರಿಸುವ ಉಬ್ಬರವೂ, ಹಸ್ತ ಚಿತ್ತೆಗಳ ಮೇಲೆ ರೈತನಿಡುವ ಭರವಸೆಯೂ ಒಂದೇ ಸತ್ಯದ ಎರಡು ಬರಹಗಳು.

ಹಿಂಗಾರು ಮುಗಿದೊಡನೆ ಆಕಾಶ ತಿಳಿಯಾಗುತ್ತದೆ, ಇಬ್ಬನಿ ಬೀಳತೊಡಗುತ್ತದೆ, ಅವರೆಯ ಹೂವಿಗೆ ಸೊಗಡು ಕಟ್ಟುತ್ತದೆ. ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯ ಕೊಯ್ಲು, ಮೆದೆ, ಕಣ. ಸಂಕ್ರಾಂತಿಯ ಹೊತ್ತಿಗೆ ಸುಗ್ಗಿ. ಕೆರೆಗಳಲ್ಲಿ ನೀರು ಇಳಿಮುಖವಾಗಿ ಮೀನು ಕೈಗೆಟುಕುವ ಆ ಕಾಲದಲ್ಲಿಯೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಲು ಬರುತ್ತವೆ. ಊರೊಳಗಿನ ಹುಣಿಸೆ, ಅರಳಿ, ಆಲದ ಮರಗಳಲ್ಲಿ ಮರಿಮಾಡಿ, ಮುಂಗಾರಿನ ವೇಳೆಗೆ ಮರಿಗಳೊಡನೆ ಹೊರಟುಹೋಗುತ್ತವೆ. ಆ ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಗೊಬ್ಬರವೆಂದು ಹೊಲಕ್ಕೆ ಹಾಕುತ್ತಾರೆ. ಹಕ್ಕಿಗಳ ವಾರ್ಷಿಕ ಯಾತ್ರೆಯೂ ಒಕ್ಕಲಿನ ವರ್ಷಕ್ರಮವೂ ಒಂದೇ ನೀರಿನ ಏರಿಳಿತವನ್ನು ಅನುಸರಿಸಿ ನಡೆದುಕೊಂಡು ಬಂದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮಳೆ ಬಾರದ ವರ್ಷಗಳಲ್ಲಿ ಮಾಡತಕ್ಕದ್ದೇನು? ಮಕ್ಕಳು ಮಣ್ಣಿನ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು, ಮನೆಮನೆಯ ಮುಂದೆ ನಿಂತು ನೀರು ಹೊಯ್ಯಿಸಿಕೊಂಡು ಹಿಟ್ಟು ಬೇಳೆಗಳನ್ನು ಬೇಡುತ್ತಿದ್ದರು; ಊರವರೆಲ್ಲ ಸೇರಿ ದೇವರ ಹೆಸರಿನಲ್ಲಿ ಪರ ಮಾಡಿ ಅನ್ನವಿಕ್ಕುತ್ತಿದ್ದರು. ಆದರೆ ಪ್ರಾರ್ಥನೆಯೊಂದನ್ನೇ ನಂಬಿ ಕುಳಿತ ಜನ ಇವರಲ್ಲ. ಮಳೆಯ ಅನಿಶ್ಚಯಕ್ಕೆ ಎದುರಾಗಿ ಅವರು ಮೂರು ಗಟ್ಟಿಯಾದ ಉಪಾಯಗಳನ್ನು ಕಂಡುಕೊಂಡಿದ್ದರು: ಕೆರೆ, ಹಗೇವು ಮತ್ತು ಅಕ್ಕಡಿ.

ಕೆರೆಯೆಂಬುದು ಹಿಂಗಾರಿನ ಎರಡು ತಿಂಗಳ ನೀರನ್ನು ವರ್ಷದ ಉಳಿದ ತಿಂಗಳುಗಳಿಗೆ ಹಂಚುವ ವ್ಯವಸ್ಥೆ. ಮೈಸೂರು ಸೀಮೆಯ ಅಲೆ ಅಲೆಯಾದ ನೆಲದಲ್ಲಿ ಎರಡು ದಿಣ್ಣೆಗಳ ನಡುವಣ ತಗ್ಗಿಗೆ ಅಡ್ಡವಾಗಿ ಏರಿ ಕಟ್ಟಿದರೆ ಕೆರೆಯಾಯಿತು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಹಳ್ಳದವರೆಗೂ ಕೆರೆಗಳ ಸರಪಣಿ. ಮದ್ದೂರು ಕೆರೆ, ಮಳವಳ್ಳಿಯ ಕೆರೆ, ಮಾರೇಹಳ್ಳಿಯ ಕೆರೆ, ವಿಸ್ತಾರಕ್ಕೆ ಹೆಸರಾದ ಸೂಳೆಕೆರೆ, ತಮ್ಮ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ದೊಡ್ಡರಸಿನಕೆರೆ ಚಿಕ್ಕರಸಿನಕೆರೆಗಳು — ಇವುಗಳ ಏರಿಯ ಮೇಲೆ ನಡೆದಾಡಿದವರಿಗೆ ಹಿಂದಿನವರ ಭೂಮಿತಿಜ್ಞಾನ ಎಷ್ಟು ಸೂಕ್ಷ್ಮವಾಗಿದ್ದಿತೆಂಬುದು ತಾನಾಗಿಯೇ ತಿಳಿಯುತ್ತದೆ. ಪ್ರತಿಯೊಂದು ಕೆರೆಗೂ ಒಬ್ಬ ನೀರುಗಂಟಿ. ತೂಬನ್ನು ಎತ್ತುವುದೂ ಇಳಿಸುವುದೂ, ಮೇಲುಗದ್ದೆಗೂ ಕೆಳಗದ್ದೆಗೂ ಜಗಳವಾಗದಂತೆ ಸರದಿ ಹಾಕುವುದೂ, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದೂ ಅವನ ಕರ್ತವ್ಯವಾಗಿದ್ದುವು. ನೀರು ಕಡಮೆಯಾದ ವರ್ಷ ಯಾರ ಗದ್ದೆಯನ್ನು ಬೀಳುಬಿಡಬೇಕೆಂಬುದನ್ನು ಊರು ಮೊದಲೇ ಕೂತು ನಿರ್ಧರಿಸುತ್ತಿದ್ದಿತು.

ಹಗೇವು ಎರಡನೆಯ ಉಪಾಯ. ಗಟ್ಟಿನೆಲದಲ್ಲಿ ಬಾವಿಯಂತೆ ತೋಡಿ, ಒಳಗೆ ಹುಲ್ಲನ್ನು ಹಾಸಿ ಹೊದಿಸಿ, ರಾಗಿಯನ್ನು ತುಂಬಿ ಬಾಯಿಗೆ ಕಲ್ಲುಮುಚ್ಚಿ ಮಣ್ಣು ಮೆತ್ತಿದರೆ, ಆ ಧಾನ್ಯ ಹುಳು ಹಿಡಿಯದೆ ಅನೇಕ ವರ್ಷ ನಿಲ್ಲುತ್ತಿದ್ದಿತು. ಭತ್ತಕ್ಕಾಗಲಿ ಜೋಳಕ್ಕಾಗಲಿ ಇಲ್ಲದ ಈ ದೀರ್ಘಾಯುಷ್ಯವೇ ರಾಗಿಯನ್ನು ಈ ಸೀಮೆಯ ಮುಖ್ಯ ಆಹಾರವನ್ನಾಗಿ ಮಾಡಿದ್ದು. ಕೆರೆ ನೀರನ್ನು ಒಂದು ಋತುವಿನಿಂದ ಮತ್ತೊಂದಕ್ಕೆ ದಾಟಿಸಿದರೆ, ಹಗೇವು ಅನ್ನವನ್ನು ಒಂದು ಸಂವತ್ಸರದಿಂದ ಮತ್ತೊಂದಕ್ಕೆ ದಾಟಿಸುತ್ತಿದ್ದಿತು. ಅಕ್ಕಡಿಯೆಂಬ ಮೂರನೆಯ ಉಪಾಯವು ರಾಗಿಯ ಸಾಲುಗಳ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಸಾಲನ್ನಿಡುವುದು. ಮಳೆ ಬೇಗನೆ ನಿಂತು ರಾಗಿ ಸೊರಗಿದರೂ ಆಳವಾಗಿ ಬೇರು ಬಿಡುವ ತೊಗರಿ ಉಳಿದೀತು. ಹಿಂಗಾರು ತಡವಾದರೆ ಇಬ್ಬನಿಯನ್ನೇ ನೆಚ್ಚುವ ಅವರೆ ಕೈಹಿಡಿದೀತು. ಒಂದೇ ಹೊಲದಲ್ಲಿ ಬೇರೆ ಬೇರೆ ಮಳೆಗಳನ್ನು ನಂಬಿದ ಬೆಳೆಗಳನ್ನು ಇಟ್ಟು, ಎಲ್ಲ ಮಳೆಯೂ ಒಟ್ಟಿಗೆ ತಪ್ಪಲಾರದೆಂಬ ಅನುಭವದ ಮೇಲೆ ಕಟ್ಟಿದ ಬೇಸಾಯವಿದು.

ಈ ಸೀಮೆಯ ಹವೆ ರಾಜ್ಯಗಳ ಅದೃಷ್ಟವನ್ನೂ ತೂಗಿದೆ. 1791ನೆಯ ಇಸವಿ ಮೇ ತಿಂಗಳಿನಲ್ಲಿ ಇಂಗ್ಲಿಷರ ದಂಡನ್ನು ನಡೆಸಿದ ಲಾರ್ಡ್ ಕಾರ್ನ್‌ವಾಲಿಸನು ಮಳವಳ್ಳಿಯ ಕಡೆಯ ದಾರಿಯಿಂದ ಟಿಪ್ಪು ಸುಲ್ತಾನನ ರಾಜಧಾನಿಯಾದ ಶ್ರೀರಂಗಪಟ್ಟಣದ ಮೇಲೆ ಏರಿಬಂದು, ಅರಕೆರೆಯ ಬಳಿಯ ಯುದ್ಧದಲ್ಲಿ ಮೇಲುಗೈ ಪಡೆದನು. ಆದರೆ ಆ ಹೊತ್ತಿಗೆ ಮಳೆ ಹಿಡಿದು, ದಾರಿಗಳು ಕೆಸರಾಗಿ, ಎತ್ತುಗಳು ರೋಗದಿಂದ ಸಾವಿರಗಟ್ಟಲೆ ಸತ್ತು, ದಂಡಿಗೆ ದವಸ ದೊರೆಯದೆ, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಆ ಅನುಭವದಿಂದ ಪಾಠ ಕಲಿತ ಅವನು ಮತ್ತೆ ಬಂದುದು 1792ರ ಫೆಬ್ರವರಿಯಲ್ಲಿ, ನದಿ ಇಳಿದು ನೆಲ ಒಣಗಿದ್ದ ಸುಗ್ಗಿಯ ಕಾಲದಲ್ಲಿ. 1799ರಲ್ಲಿ ಜನರಲ್ ಹ್ಯಾರಿಸನ ಸೇನೆಯೂ ಅದೇ ಲೆಕ್ಕವನ್ನು ಅನುಸರಿಸಿತು. ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಸುಲ್ತಾನನ ಸೇನೆಯೊಡನೆ ಕಾದು, ಬೇಸಗೆಯ ಕಾವೇರಿಯನ್ನು ಸೋಸಲೆಯ ಬಳಿ ಸುಲಭವಾಗಿ ದಾಟಿ, ಕೊಡಗಿನ ಮಳೆ ನದಿಯನ್ನು ತುಂಬುವುದಕ್ಕೆ ಮುಂಚೆ, ಮೇ 4ರಂದು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಿತು. ತುಂಬಿದ ಹೊಳೆಯೇ ತನ್ನ ಕೋಟೆಯ ಮುಖ್ಯ ರಕ್ಷಣೆಯೆಂದು ನಂಬಿದ್ದ ದೊರೆಗೆ ಆ ರಕ್ಷಣೆ ಒದಗಲು ಇನ್ನೂ ಕೆಲವು ವಾರಗಳು ಬೇಕಾಗಿದ್ದುವು.

ಅದರ ಮರುವರ್ಷ, 1800ರ ಮೇ ತಿಂಗಳಿನಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದ್ದೂರು ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೋದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಯುದ್ಧದಿಂದ ಪಾಳುಬಿದ್ದ ಊರುಗಳ ವರ್ಣನೆಯೊಡನೆ, ಹೈನು, ಕಾರು ಎಂಬ ಬೆಳೆಯ ಕಾಲವಿಭಾಗವೂ ಇಲ್ಲಿಯ ರಾಗಿಯ ಬೇಸಾಯಕ್ರಮವೂ ದಾಖಲಾಗಿವೆ. ಹೊರಗಿನವನೊಬ್ಬನು ನೋಡಿ ಬರೆದುಕೊಂಡ ಆ ವಿವರಗಳನ್ನು ಓದುವಾಗ, ಅರಸೊತ್ತಿಗೆ ಉರುಳಿದ ಮರುವರ್ಷವೂ ಒಕ್ಕಲಿಗನ ಪಂಚಾಂಗ ಅಚಲವಾಗಿಯೇ ಇದ್ದುದು ಕಂಡುಬರುತ್ತದೆ.

ಆದರೆ ಆ ಹಳೆಯ ಉಪಾಯಗಳಿಗೂ ಒಂದು ಎಲ್ಲೆಯಿದ್ದಿತು. ಒಂದು ವರ್ಷದ ಮಳೆ ತಪ್ಪಿದರೆ ಕೆರೆಯೂ ಹಗೇವೂ ಕಾಪಾಡಬಲ್ಲುವು. ಎರಡು ಮೂರು ವರ್ಷ ಒಂದರ ಮೇಲೊಂದು ತಪ್ಪಿದರೆ ಕಾಪಾಡಲಾರವು. 1875ರಲ್ಲಿ ಕುಂದಿದ ಮಳೆ 1876ರಲ್ಲಿ ಸಂಪೂರ್ಣವಾಗಿ ಕೈಬಿಟ್ಟು, ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದವರೆಗೂ ವ್ಯಾಪಿಸಿದ ಆ ಘೋರ ಕ್ಷಾಮವನ್ನು ಜನ ಧಾತು ಈಶ್ವರ ಬರವೆಂದೇ ತಲೆಮಾರುಗಳವರೆಗೆ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗೆ ಇಳಿಯಿತು. ಕ್ಷಾಮಕಾಲದಲ್ಲಿ ಆರಂಭವಾದ ಬೆಂಗಳೂರು ಮೈಸೂರು ರೈಲುಹಾದಿ ಮದ್ದೂರು ಮಂಡ್ಯಗಳನ್ನು ಹಾಯ್ದು 1880ರ ದಶಕದ ಮೊದಲಲ್ಲಿ ಪೂರ್ಣಗೊಂಡಿತು. ದೂರದ ಧಾನ್ಯವನ್ನು ಹಸಿದ ಊರಿಗೆ ತರುವ ಮಾರ್ಗ ಅಂದಿನಿಂದ ತೆರೆಯಿತು. ಸಂಸ್ಥಾನದ ಸರ್ಕಾರವು ತಾಲ್ಲೂಕು ಕೇಂದ್ರಗಳ ಮಳೆಯನ್ನು ಕ್ರಮವಾಗಿ ಅಳೆದು ವರ್ಷ ವರ್ಷವೂ ಪ್ರಕಟಿಸುವ ಪದ್ಧತಿಯನ್ನು ಬಲಪಡಿಸಿದ್ದೂ ಈ ಕ್ಷಾಮದ ನಂತರದ ಎರಡು ದಶಕಗಳಲ್ಲಿ. ಆಕಾಶದ ಕೊಡುಗೆಯನ್ನು ಅಂಕಿಯಲ್ಲಿ ಬರೆದಿಡಬೇಕೆಂಬ ಬುದ್ಧಿ, ಅಪಾರವಾದ ಜೀವಹಾನಿಯ ಮೇಲೆ ಹುಟ್ಟಿದ ಬುದ್ಧಿ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಬಾಳನ್ನು ತಲೆಕೆಳಗು ಮಾಡಿದ ಮಹಾಪರಿವರ್ತನೆಗೆ ಮೊದಲ ಪ್ರೇರಣೆ ಬಂದುದು ಬೇಸಾಯದಿಂದ ಅಲ್ಲ, ವಿದ್ಯುಚ್ಛಕ್ತಿಯಿಂದ ಎಂಬುದು ಕುತೂಹಲಕರವಾದ ಸಂಗತಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವಿಕೆಯಿಂದ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಆದರೆ ಗಣಿಯ ಯಂತ್ರಗಳಿಗೆ ಋತುಭೇದವಿಲ್ಲ, ಕಾವೇರಿಗೆ ಉಂಟು. ಫಾಲ್ಗುಣ ಚೈತ್ರಗಳಲ್ಲಿ ನದಿ ಬಂಡೆಗಳ ನಡುವೆ ಎಳೆಯಾಗಿ ಇಳಿದಾಗ ಶಕ್ತಿಯೂ ಕುಗ್ಗುತ್ತಿದ್ದಿತು. ಮಳೆಗಾಲದ ಪ್ರವಾಹವನ್ನು ತಡೆದು ಬೇಸಗೆಗೆ ಇಟ್ಟುಕೊಳ್ಳದೆ ಬೇರೆ ದಾರಿಯಿರಲಿಲ್ಲ. ಚೀಫ್ ಇಂಜಿನಿಯರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಅಗತ್ಯವನ್ನೂ ಮಂಡ್ಯ ಸೀಮೆಯ ಒಣಭೂಮಿಯ ಅಗತ್ಯವನ್ನೂ ಒಂದೇ ಯೋಜನೆಯಲ್ಲಿ ಕೂಡಿಸಿದರು. 1911ರಲ್ಲಿ ಕಾವೇರಿಗೆ ಅಡ್ಡವಾಗಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಆ ಎಡೆಯಲ್ಲಿ ಅಣೆಕಟ್ಟನ್ನು ಕಟ್ಟುವ ಸಂಕಲ್ಪ ಟಿಪ್ಪುವಿನ ಕಾಲದಲ್ಲಿಯೇ ಆಗಿದ್ದಿತೆಂಬುದನ್ನು ಅಲ್ಲಿಟ್ಟಿರುವ ಪಾರಸಿ ಶಾಸನ ತಿಳಿಸುತ್ತದೆ. ನದಿಯ ನೀರಿನ ಬಗ್ಗೆ ಮದರಾಸು ಸರ್ಕಾರದೊಡನೆ ನಡೆದ ದೀರ್ಘ ವಿವಾದ 1924ರ ಒಪ್ಪಂದದಲ್ಲಿ ಮುಗಿದು, ಅದೇ ವರ್ಷದ ಜುಲೈ ತಿಂಗಳಿನ ಮಹಾಪ್ರವಾಹವನ್ನೂ ತಾಳಿಕೊಂಡು, 1930ರ ದಶಕದ ಮೊದಲಲ್ಲಿ ಕಟ್ಟೆ ಪೂರ್ಣವಾಯಿತು. 124 ಅಡಿಗಳ ಮಟ್ಟಕ್ಕೆ ಸುಮಾರು 49 ಟಿ.ಎಂ.ಸಿ. ನೀರು ಅದರಲ್ಲಿ ನಿಲ್ಲುತ್ತದೆ.

ಹಿಂದಿನ ಅರಸರೂ ಕಾವೇರಿಗೆ ಅಣೆಗಳನ್ನು ಕಟ್ಟಿ ನಾಲೆಗಳನ್ನು ತೋಡಿಸಿದ್ದರು; ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇಂದಿಗೂ ಹರಿಯುತ್ತಿದೆ. ಆದರೆ ಆ ನಾಲೆಗಳು ನದಿಯ ಪಕ್ಕದ ತಗ್ಗುಭೂಮಿಗೆ ಮಾತ್ರ ನೀರುಣಿಸಬಲ್ಲುವಾಗಿದ್ದು, ಮಂಡ್ಯ ಮದ್ದೂರುಗಳ ಎತ್ತರವನ್ನು ಮುಟ್ಟಲಾರದೆ ಹೋಗಿದ್ದುವು. ಕನ್ನಂಬಾಡಿಯ ಎತ್ತರವಾದ ಕಟ್ಟೆಯಿಂದ ಹೊರಟ ಹೊಸ ನಾಲೆ, ಹುಲಿಕೆರೆಯ ಬಳಿ ಎರಡೂವರೆ ಕಿಲೋಮೀಟರಿಗೂ ಮಿಗಿಲಾದ ಸುರಂಗದ ಮೂಲಕ ದಿಣ್ಣೆಯನ್ನು ಭೇದಿಸಿಕೊಂಡು, ಕೊಡಗಿನ ಮಳೆಯನ್ನು ಮೊದಲನೆಯ ಸಲ ಈ ಮಳೆನೆರಳಿನ ಬಯಲಿಗೆ ತಂದಿತು. ಅಂದಿನ ವೈಸ್‌ರಾಯರ ಹೆಸರಿನಿಂದ ಇರ್ವಿನ್ ನಾಲೆಯೆಂದು ಕರೆಯಿಸಿಕೊಂಡು, ತರುವಾಯ ವಿಶ್ವೇಶ್ವರಯ್ಯ ನಾಲೆಯೆಂಬ ಯಥಾರ್ಥನಾಮವನ್ನು ಅದು ಪಡೆಯಿತು. ನಾಲೆಯನ್ನು ಹಿಂಬಾಲಿಸಿ ಕಬ್ಬು ಬಂದಿತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಅವರ ಪ್ರಯತ್ನದಿಂದ, ರೈತರೂ ಪಾಲುದಾರರಾದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾಯಿತು, ವಿ.ಸಿ. ಫಾರಂ ಎಂದು ಪ್ರಸಿದ್ಧವಾದ ಪ್ರಯೋಗಕ್ಷೇತ್ರದಲ್ಲಿ ಹೊಸ ನೀರಿಗೆ ಹೊಂದುವ ಬೆಳೆಗಳ ಪರೀಕ್ಷೆ ನಡೆಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದು ಈ ನೀರಿನ ಫಲವೇ.

ಈ ಹೊಸ ಸಂಪತ್ತು ತನ್ನೊಡನೆ ಹೊಸ ಸಂಕಟಗಳನ್ನೂ ತಂದಿತೆಂಬುದನ್ನು ಮರೆಯಬಾರದು. ಒಣಹವೆಯ ಊರುಗಳ ಸುತ್ತ ನೀರು ನಿಂತು ಮಲೇರಿಯಾ ಹಬ್ಬಿತು. ಅದನ್ನು ಹತೋಟಿಗೆ ತರುವುದಕ್ಕೆ ಸಂಸ್ಥಾನದ ಆರೋಗ್ಯ ಇಲಾಖೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಬಹಳ ಶ್ರಮಪಡಬೇಕಾಯಿತು. ಬಸಿಗಾಲುವೆಗಳಿಲ್ಲದ ತಗ್ಗುಗಳಲ್ಲಿ ನೆಲ ಜೌಗಾಗಿ ಸವಳು ಮೇಲೆದ್ದಿತು. ಕಬ್ಬು, ಭತ್ತ, ಅರೆಖುಷ್ಕಿ ಬೆಳೆಗಳನ್ನು ಸರದಿಯ ಮೇಲೆ ಬದಲಾಯಿಸಬೇಕೆಂದು ಆರಂಭದಲ್ಲಿ ವಿಧಿಸಿದ್ದ ಬ್ಲಾಕ್ ಪದ್ಧತಿಯು ಭೂಮಿಯ ಆರೋಗ್ಯವನ್ನು ಕಾಯುವ ವಿವೇಕದಿಂದ ಕೂಡಿದುದಾಗಿದ್ದಿತು; ಕಾಲಕ್ರಮದಲ್ಲಿ ಆ ಶಿಸ್ತು ಸಡಿಲವಾಗಿ, ನಾಲೆಯ ಮೊದಲ ಭಾಗದವರು ವರ್ಷವಿಡೀ ನೀರು ನಿಲ್ಲಿಸುವುದೂ, ಮದ್ದೂರು ಮಳವಳ್ಳಿಗಳ ಕೊನೆಯ ಭಾಗದವರು ಬರಿದಾದ ಕಾಲುವೆಯನ್ನು ನೋಡುತ್ತ ಕೂರುವುದೂ ವಾಡಿಕೆಯಾಯಿತು.

ಹವೆಯ ಅನುಕೂಲವನ್ನು ಅರಿತು ನಡೆದಲ್ಲೆಲ್ಲ ಜನ ಗೆದ್ದಿದ್ದಾರೆ. ಆಲೆಮನೆಯ ಬೆಲ್ಲಕ್ಕೆ ಒಳ್ಳೆಯ ಕಾಲವೆಂದರೆ ಹಿಂಗಾರು ಕಳೆದ ಮೇಲಿನ ಚಳಿಗಾಲ. ರಾತ್ರಿಯ ತಂಪಿನಲ್ಲಿ ಕಬ್ಬಿನೊಳಗೆ ಸಕ್ಕರೆಯ ಅಂಶ ಏರುತ್ತದೆ, ಒಣಗಾಳಿಯಲ್ಲಿ ಕೊಪ್ಪರಿಗೆಯಿಂದ ಇಳಿಸಿದ ಪಾಕ ಅಚ್ಚಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮಳೆಗಾಲದ ತೇವದಲ್ಲಿ ಅದೇ ಬೆಲ್ಲ ಬೆವರಿ ಕರಗುತ್ತದೆ. ರೇಷ್ಮೆಯ ಕಥೆಯೂ ಹೀಗೆಯೇ. ಅತಿ ಶೀತವೂ ಅತ್ಯುಷ್ಣವೂ ಇಲ್ಲದ ಈ ಹವೆಯಲ್ಲಿ ಮೈಸೂರು ತಳಿಯ ಹುಳು ವರ್ಷದ ಯಾವ ತಿಂಗಳಲ್ಲಿಯೂ ಗೂಡು ಕಟ್ಟಬಲ್ಲುದಾದ್ದರಿಂದ, ಮಳವಳ್ಳಿ ಮದ್ದೂರುಗಳ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟವಿದ್ದ ಮನೆ ಒಂದು ಬೆಳೆಯ ಬದಲು ವರ್ಷಕ್ಕೆ ಐದಾರು ಬೆಳೆಗಳನ್ನು ಕಂಡಿತು. ಏಪ್ರಿಲ್ ಬಿಸಿಲಿನಲ್ಲಿ ಹುಳುಮನೆಯ ಬಾಗಿಲು ಕಿಟಕಿಗಳಿಗೆ ನೆನೆದ ಗೋಣಿತಾಟು ಕಟ್ಟಿ, ಜಡಿಮಳೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಂಕಿಗಳನ್ನು ಗಾಳಿಯಾಡುವೆಡೆಗೆ ಸರಿಸಿ, ಹುಳು ಪೊರೆ ಕಳಚುವ ನಾಲ್ಕು ಜ್ವರಗಳನ್ನು ಲೆಕ್ಕವಿಟ್ಟು ಕಾಯುತ್ತಿದ್ದ ಹೆಂಗಸರ ಹವಾಜ್ಞಾನ ಯಾವ ವೀಕ್ಷಣಾಲಯದ ಜ್ಞಾನಕ್ಕೂ ಕಡಮೆಯದಲ್ಲ.

ಆದರೂ ನಾಲೆ ಬಂದ ಎರಡು ಮೂರು ತಲೆಮಾರುಗಳಲ್ಲಿ ಒಂದು ಮರೆವು ನಮ್ಮನ್ನು ಆವರಿಸಿದೆ. ನಕ್ಷತ್ರಗಳ ಮಳೆಯನ್ನು ಎಣಿಸುತ್ತಿದ್ದವರು ಕನ್ನಂಬಾಡಿಯಲ್ಲಿ ಇಂದು ಎಷ್ಟು ಅಡಿ ನೀರಿದೆಯೆಂದು ಪತ್ರಿಕೆಯಲ್ಲಿ ನೋಡತೊಡಗಿದರು. ನೀರು ನಮ್ಮ ಆಕಾಶದಿಂದ ಬಂದುದಲ್ಲ, ಕೊಡಗಿನ ಆಕಾಶದಿಂದ ಬಂದುದು. ಅಲ್ಲಿ ಮಳೆ ತಪ್ಪಿದ ವರ್ಷ ಇಲ್ಲಿಯ ಕಾಲುವೆಯೂ ಬರಿದಾಗುತ್ತದೆ. ಆ ನೀರಿಗೆ ತಮಿಳುನಾಡೂ ಹಕ್ಕುದಾರ. 1990ರಲ್ಲಿ ನೇಮಕವಾದ ನ್ಯಾಯಾಧಿಕರಣದ 2007ರ ತೀರ್ಪು, 2018ರ ಸುಪ್ರೀಂ ಕೋರ್ಟಿನ ತೀರ್ಪು ಇವು ಆ ಹಂಚಿಕೆಯನ್ನು ನಿರ್ಣಯಿಸಿವೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974 ಮೊದಲ್ಗೊಂಡು ಬೆಂಗಳೂರಿನ ಬಾಯಾರಿಕೆಗೂ ಅದೇ ಕಾವೇರಿ ಏರಿಹೋಗುತ್ತಿದ್ದಾಳೆ. 2022ರ ಮಳೆಗಾಲದಲ್ಲಿ ಕೆರೆಗಳು ಕೋಡಿಬಿದ್ದು ಹೊಲಗದ್ದೆಗಳು ಮುಳುಗಿದ ಸೀಮೆಯಲ್ಲಿಯೇ, 2023ರಲ್ಲಿ ಬರವನ್ನು ಘೋಷಿಸಬೇಕಾಯಿತು. ಸುಮಾರು 700 ಮಿಲಿಮೀಟರು ಮಳೆಯ, ಎರಡು ಉಬ್ಬರಗಳ, ಆಷಾಢದ ಇಳಿತದ ಹಳೆಯ ಹವೆ ನಾಲೆಯ ಕೆಳಗೆ ಅಡಗಿಕೊಂಡಿತ್ತೇ ಹೊರತು ಎಲ್ಲಿಗೂ ಹೋಗಿರಲಿಲ್ಲ.

ಇಂಥ ಮರೆವಿನ ಕಾಲದಲ್ಲಿಯೂ ಹಳೆಯ ವಿವೇಕವನ್ನು ಬಿಡದ ಒಬ್ಬ ಹಿರಿಯರನ್ನು ಸ್ಮರಿಸುವುದು ಕರ್ತವ್ಯ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು, ತಮ್ಮ ದುಡಿಮೆಯ ಹಣವನ್ನೇ ವೆಚ್ಚಮಾಡಿ, ಕುಂದೂರು ಬೆಟ್ಟದ ಇಳಿಜಾರಿನಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿ, ಹಿಂಗಾರಿನ ನೀರನ್ನು ಬೇಸಗೆಯ ಪ್ರಾಣಿಪಕ್ಷಿಗಳಿಗೆ ಉಳಿಸಿಕೊಟ್ಟರು. 2022ರಲ್ಲಿ ಅವರು ತೀರಿಕೊಂಡರು. ನಾಲೆಯ ನೀರು ತಲುಪದ ಗುಡ್ಡದ ಮೇಲೆ, ಈ ಸೀಮೆಯ ಹವೆಗೆ ತಕ್ಕ ಉತ್ತರವೇನೆಂಬುದನ್ನು ಅವರು ಮಾಡಿ ತೋರಿಸಿದರು.

ಕನ್ನಂಬಾಡಿಯನ್ನು ಕಟ್ಟಿದವರ ಋಣವನ್ನು ಮಂಡ್ಯದವರು ಎಂದಿಗೂ ತೀರಿಸಲಾರರು. ಆದರೆ ದೊಡ್ಡ ಕಟ್ಟೆಯೊಂದು ಬಂದಿತೆಂದು ಸಾವಿರ ಚಿಕ್ಕ ಕಟ್ಟೆಗಳನ್ನು ಹೂಳಿಗೆ ಬಿಟ್ಟದ್ದು, ಸರದಿಯ ಶಿಸ್ತನ್ನು ಮುರಿದದ್ದು, ರಾಗಿಯ ಹೊಲದಿಂದ ಅಕ್ಕಡಿಯ ಸಾಲನ್ನು ಕಿತ್ತದ್ದು ಮಾತ್ರ ನಾವೇ ಮಾಡಿಕೊಂಡ ಅಪಚಾರ. ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರತಿಯೊಂದು ಗ್ರಾಮವೂ ಹಸ್ತ ಚಿತ್ತೆಗಳು ಬರುವ ಮುಂಚೆ ತನ್ನ ಕೆರೆಯ ಹೂಳೆತ್ತಿ, ಕೋಡಿಯನ್ನು ಸರಿಪಡಿಸಿ, ಒತ್ತುವರಿಯಾದ ಪೋಷಕ ಕಾಲುವೆಗಳನ್ನು ಬಿಡಿಸಿಕೊಳ್ಳಲಿ. ನಾಲೆಯ ಮೇಲ್ಭಾಗದ ರೈತರು ಕೊನೆಯ ಭಾಗದವರ ಪಾಲನ್ನು ತಮ್ಮ ಪಾಲಿನಷ್ಟೇ ಗೌರವದಿಂದ ಬಿಟ್ಟುಕೊಡಲಿ. ಕೊಡಗಿನ ಕಾಡು ಉಳಿಯದೆ ಮಂಡ್ಯದ ಗದ್ದೆ ಉಳಿಯದೆಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಕಲಿಯಲಿ. ದೂರದ ಆಕಾಶದ ನೀರು ಭಾಗ್ಯ. ನಮ್ಮ ಆಕಾಶದ ನೀರು ಹಕ್ಕು. ಹಕ್ಕನ್ನು ಕಾಪಾಡಿಕೊಳ್ಳದವರಿಗೆ ಭಾಗ್ಯವೂ ಬಹುಕಾಲ ನಿಲ್ಲುವುದಿಲ್ಲ.